ಗಿರಣಿಯೊಳಗಿನ ಅಕ್ಕೋರು

ನಮ್ಮೂರಿನಲ್ಲಿ ಅರ್ಧಕ್ಕೆ ಬಿಟ್ಟ ಪಾಠ ಮನೆಯಲ್ಲೇ ನಿಂತುಬಿಡುತ್ತದೆ. ನಿಂತುಬಿಡುತ್ತದೆ ಅಂದರೆ ನಿಜವಾಗಿ ಎರಡು ಕಾಲಿನ ಮೇಲೆ ನಿಲ್ಲುತ್ತದೆ. ಫೋನಿನಲ್ಲಿ ಪುಕ್ಕಟೆ ಪಾಠಕ್ಕೆ ಹೆಸರು ಬರೆಸಿದ ದಿನವೇ ಆ ಪಾಠದ ಮಾಸ್ತರು ಮನೆಯೊಳಗೆ ಬಂದು, ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಾರೆ. ಮುಗಿದರೆ ಹೋಗುತ್ತಾರೆ. ನಡುವೆ ನೀವು ಬೇಸರ ಬಂದು ಬಿಟ್ಟಿರೋ, ಆಡುತ್ತಿದ್ದ ಮಾತು ಬಾಯಲ್ಲಿ ಹಾಗೇ, ಎತ್ತಿದ ಕೈ ಎತ್ತಿದ ಹಾಗೇ, ವರ್ಷಗಟ್ಟಲೆ ನಿಂತಿರುತ್ತಾರೆ. ಉಣ್ಣುವುದಿಲ್ಲ, ಕೂರುವುದಿಲ್ಲ, ಯಾರಿಗೂ ಎದುರು ಮಾತಾಡುವುದಿಲ್ಲ. ಜಾಗ ಮಾತ್ರ ಬೇಕು.

ಶುರು ಮಾಡುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರಿಲ್ಲ. ಪುಕ್ಕಟೆ ಅಂದರೆ ಸಾಕು, ಬೇಕೋ ಬೇಡವೋ ಹೆಸರು ಬರೆಸಿಬಿಡುತ್ತಾರೆ. ನಮ್ಮ ಹಿಟ್ಟಿನ ಗಿರಣಿಯ ಎದುರಿಗೆ ಬಳೆ ಅಂಗಡಿ ಇಟ್ಟಿರುವ ಮೈಬೂಬಿಯ ಮನೆಯಲ್ಲಿ ಕೇಕ್ ಮಾಡುವುದನ್ನು ಕಲಿಸುವ ಮಾಸ್ತರ ಆರು ವರ್ಷದಿಂದ ಮೊಟ್ಟೆ ಒಡೆಯಲು ಕೈ ಎತ್ತಿಕೊಂಡು ನಿಂತಿದ್ದಾನೆ. ಅವಳು ಆ ಕೈಗೆ ಬಳೆಯ ಸರ ನೇತುಹಾಕುತ್ತಾಳೆ. ವಾಚನಾಲಯ ನೋಡಿಕೊಳ್ಳುವ ಶೇಷಗಿರಿ ಮಾಮಾ ಅವರದಂತೂ ಕೇಳಲೇಬೇಡಿ. ಹದಿನೇಳು ಪಾಠ ಶುರು ಮಾಡಿದ್ದಾರೆ, ಒಂದನ್ನೂ ಮುಗಿಸಿಲ್ಲ. ಮನೆ ತುಂಬ ಮಾಸ್ತರು ನಿಂತು, ತಾವು ಹೊರಗೆ ಕಟ್ಟೆಯ ಮೇಲೆ ಹಾಸಿಗೆ ಹಾಕಿಕೊಳ್ಳುತ್ತಾರೆ. ಮದುವೆ, ಮುಂಜಿವೆ ಬಂದರೆ ಮಾಸ್ತರುಗಳನ್ನು ಎತ್ತಿ ಹಿತ್ತಲಿಗೆ ಸಾಗಿಸುವುದೇ ಒಂದು ಕೆಲಸ. ಭಾರವೇನಿಲ್ಲ, ಒಣಗಿದ ಸೋರೆಬುರುಡೆಯಷ್ಟು ಹಗುರ. ಹೊಸಬರು ದಾರಿ ಕೇಳಿದರೆ ಕೂಡ ನಾವು ಹೇಳುವುದು ಹೀಗೇ: ಯೋಗದ ಮಾಸ್ತರು ಒಂಟಿಕಾಲಲ್ಲಿ ನಿಂತ ಮನೆ ಐತಲ್ಲ, ಅಲ್ಲಿ ಎಡಕ್ಕೆ ಹೊಳ್ಳಿರಿ. ನಮ್ಮೂರು ಯಾವ ನಕ್ಷೆಯಲ್ಲೂ ಇಲ್ಲ. ಅದಕ್ಕೆ ಯಾರೂ ಬೇಜಾರು ಮಾಡಿಕೊಂಡದ್ದೂ ಇಲ್ಲ.

ಒಂದೇ ಕೊರತೆ ಅಂದರೆ ಈ ಮಾಸ್ತರುಗಳಿಗೆ ನಮ್ಮ ಮಾತು ಕೇಳಿಸುವುದಿಲ್ಲ. ತಾವು ಹೇಳುವುದನ್ನು ಹೇಳುತ್ತಾರೆ ಅಷ್ಟೇ. ಮೊದಮೊದಲು ಜನ ಅವರ ಮುಂದೆ ಕೂತು ‘ಅದು ಹೆಂಗ ಅಂತೀರಿ?’, ‘ಇನ್ನೊಂದ್ಸಲ ಹೇಳ್ರೀ’ ಅಂತ ಕೇಳಿ ಕೇಳಿ ಸುಸ್ತಾದರು. ಊರಿನಲ್ಲಿ ಅಷ್ಟು ಪಾಠ ನಿಂತುಹೋಗಿದ್ದಕ್ಕೆ ಸೋಮಾರಿತನ ಅರ್ಧ ಕಾರಣವಾದರೆ ಇದು ಇನ್ನರ್ಧ.

ಕಡೆಯವರೆಗೆ ಹೋದವರು ಇಬ್ಬರೇ. ಮುಗಿದ ದಿನ ಮಾಸ್ತರು ಕಲಿತವರ ಹೆಸರನ್ನು ಗಟ್ಟಿಯಾಗಿ ಒಂದು ಸಲ ಕರೆಯುತ್ತಾರೆ. ಆ ಹೆಸರಿನವರು ‘ಹಾಜರ್’ ಅನ್ನಬೇಕು, ಅದೊಂದು ಮಾತ್ರ ಅವರಿಗೆ ಕೇಳಿಸುತ್ತದೆ. ಅಂದ ತಕ್ಷಣ ಅವರು ಕೈಮುಗಿದು ಹೊರಟುಹೋಗುತ್ತಾರೆ. ಹೆರಿಗೆ ಮಾಡಿಸುವ ಬಾಳವ್ವನ ಹೆಸರು ಕರೆದಾಗ ಊರಿಗೆ ಊರೇ ಅವಳ ಅಂಗಳದಲ್ಲಿ ನೆರೆದಿತ್ತು. ಇನ್ನೊಬ್ಬ ಕುರಿ ಕಾಯುವ ಗುರಪ್ಪ. ಅವನು ಹೆಸರು ಬರೆಸುವಾಗ ಚೇಷ್ಟೆಗೆ ತನ್ನ ಆಡಿನ ಹೆಸರು ಬರೆದಿದ್ದ. ಒಮ್ಮೆ ಬರೆದರೆ ಆಯಿತು, ಆಮೇಲೆ ಅದು ಎಲ್ಲೂ ಕಾಣಿಸುವುದೂ ಇಲ್ಲ, ಅಳಿಸಲೂ ಬರುವುದಿಲ್ಲ. ಪಾಠ ಮುಗಿದ ದಿನ ಮಾಸ್ತರು ‘ಗುಬ್ಬಿ’ ಅಂತ ಕರೆದರು. ಗುರಪ್ಪ ಎಷ್ಟು ಸಲ ಹಾಜರ್ ಅಂದರೂ ಅವರು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಆಡನ್ನು ಎಳೆದು ತಂದು, ಅದು ‘ಬ್ಯಾ’ ಅಂದ ಮೇಲೇ ಅವರು ಹೋದದ್ದು.

ಇನ್ನು ನನ್ನ ಕಥೆ. ನನ್ನನ್ನು ಎಲ್ಲರೂ ಗಿರಣಿ ಅವ್ವ ಅನ್ನುತ್ತಾರೆ. ಗಿರಣಿ ನಮ್ಮ ಯಜಮಾನರದು. ಅವರ ಹೆಸರು ಅಡಿವೆಪ್ಪ. ಇಲ್ಲಿ ಬರೆಯುತ್ತಿದ್ದೇನೆ ಅಷ್ಟೇ, ಬಾಯಿಂದ ನಾನು ಎಂದೂ ಅಂದವಳಲ್ಲ. ನಮ್ಮಲ್ಲಿ ಗಂಡನ ಹೆಸರು ಹಿಡಿಯುವ ರೂಢಿಯಿಲ್ಲ. ನಾನಷ್ಟೇ ಅಲ್ಲ, ಊರಿನವರೂ ಆ ಹೆಸರು ಹಿಡಿಯಲಿಲ್ಲ. ‘ಏ ಗಿರಣಿ, ನಂದು ಹಾಕಿದಿಯೇನೋ?’ ಅಂತ ದೊಡ್ಡವರು, ‘ಗಿರಣಿ ಕಾಕಾ’ ಅಂತ ಸಣ್ಣವರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಆಮೇಲೆ ಐವತ್ತು ವರ್ಷ ಆ ಕಲ್ಲಿನ ಸದ್ದಿನಲ್ಲೇ ಇದ್ದರು. ಬಂದವರು ಕೂಗಿ ಹೇಳಬೇಕು, ಇವರು ತಲೆ ಅಲ್ಲಾಡಿಸಬೇಕು. ಅವರ ಮಾತುಕತೆಯೆಲ್ಲ ಅಷ್ಟರಲ್ಲೇ ಮುಗಿಯುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಒಬ್ಬರ ಜೋಳ ಮುಗಿದು ಇನ್ನೊಬ್ಬರ ಗೋಧಿ ಹಾಕುವ ಮುಂಚೆ, ನಮ್ಮ ಮನೆಯ ಕಾಳನ್ನೇ ನಾಲ್ಕು ಹಿಡಿ ಹಾಕಿ ಬೀಸುತ್ತಿದ್ದರು. ಕಲ್ಲಿನಲ್ಲಿ ಹಳೆಯದೇನು ಉಳಿದಿದ್ದರೂ ಆ ನಾಲ್ಕು ಹಿಡಿಯ ಜೊತೆ ಹೋಗಬೇಕು. ಆ ಹಿಟ್ಟನ್ನು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ನೋಡುವರು. ಕಹಿಯಿಲ್ಲ, ಕಲ್ಲಿಲ್ಲ ಅಂತ ಖಾತ್ರಿಯಾದ ಮೇಲೇ ಮಂದಿಯ ಕಾಳಿಗೆ ಕೈ. ಮೊದಲ ನಾಲ್ಕು ಹಿಡಿ ನಮಗೆ, ಚಲೋದು ಅವರಿಗೆ. ನಾನು ಬೈಯುತ್ತಿದ್ದೆ. ಜೀವನಪೂರ್ತಿ ಮಿಶ್ರ ಹಿಟ್ಟಿನ ರೊಟ್ಟಿ ತಿಂದ ಹೆಂಗಸು ನಾನು, ಬೈಯದೆ ಏನು ಮಾಡಲಿ!

ಇಂಥ ಮನುಷ್ಯ ಹೋದ ವರ್ಷ ಯಾರಿಗೂ ಹೇಳದೆ ಪಾಠಕ್ಕೆ ಹೆಸರು ಬರೆಸಿದರು. ಗೊತ್ತಾದದ್ದು ಹೇಗೆ ಅಂದರೆ, ನಾನು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದಾಗ ಗಿರಣಿಯೊಳಗೆ ಒಬ್ಬ ಹೆಂಗಸು ನಿಂತಿದ್ದಳು. ಕತ್ತರಿಸಿದ ಕೂದಲು, ಕಾಲಿಗೆ ಪ್ಯಾಂಟು, ಮೈಗೆ ಹಸಿರು ಸ್ವೆಟರು, ನನ್ನದೇ ವಯಸ್ಸು ಇದ್ದೀತು. ಯಾವ ಚಳಿ ದೇಶದವಳೋ. ಅವಳ ಮಾತು ಅವಳ ಭಾಷೆಯಲ್ಲಿ, ಎದೆಯ ಮಟ್ಟದಲ್ಲಿ ಕನ್ನಡ ಅಕ್ಷರ ತೇಲಿ ಬರುತ್ತಿತ್ತು. ಅದು ನಕ್ಷೆ ಬರೆಯುವುದನ್ನು ಕಲಿಸುವ ಪಾಠ.

“ನಕ್ಷೆ ತಗೊಂಡು ನೀವೇನ್ ಮಾಡ್ತೀರಿ? ಗಿರಣಿಯಿಂದ ಮನಿ, ಮನಿಯಿಂದ ಗಿರಣಿ. ಇದಕ್ಕೂ ದಾರಿ ಮರ್ತೈತೇನು?” ಅಂದೆ.

ಇವರು ನಕ್ಕರು ಅಷ್ಟೇ. ಅಂದಿನಿಂದ ದಿನಾ ಸಂಜೆ ಗಿರಣಿ ಮುಚ್ಚಿದ ಮೇಲೂ ಒಂದು ತಾಸು ಅವಳ ಮುಂದೆ ಕಾಳಿನ ಚೀಲದ ಮೇಲೆ ಕೂತಿರುವುದು. ಮೈಬೂಬಿಗೆ ಇಷ್ಟು ಸಿಕ್ಕರೆ ಬಿಡುತ್ತಾಳೆಯೇ? “ಯವ್ವಾ, ನಿನ್ನ ಸವತಿ ಬಾಳ ಚಂದ ಅದಾಳಬೇ. ನೀನೂ ಒಂದು ಸ್ವೆಟರ್ ಹಾಕ್ಕೋ, ಇಲ್ಲಂದ್ರ ಕೈ ಬಿಟ್ಟು ಹೋಗ್ತಾನ ನೋಡು” ಅಂತ ಬೀದಿಯ ನಡುವೆ ನಿಂತು ಕೂಗುತ್ತಿದ್ದಳು. ನಾನೂ ನಗುತ್ತಿದ್ದೆ, ಆದರೆ ಒಳಗೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ? ನಲವತ್ತೈದು ವರ್ಷದಲ್ಲಿ ನನ್ನ ಮುಂದೆ ಒಂದು ತಾಸು ಬಿಡುವಾಗಿ ಕೂತು ನನ್ನ ಮಾತು ಕೇಳಿದವರಲ್ಲ ಈ ಮನುಷ್ಯ. ಅವಳಿಗೆ ನಾನು ಸವತಿ ಅಂತಲೇ ಹೆಸರಿಟ್ಟೆ.

ನಾಲ್ಕು ಪಾಠ ಆಯಿತು. ಐದನೆಯದು ಶುರುವಾಗುವ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಇವರು, “ಸಂಜೀಕ ಗಿರಣಿ ಕಡೆ ಬಾ. ನಿನ್ನಿಂದ ಒಂದು ಕೆಲಸ ಆಗ್ಬೇಕಾಗೈತಿ” ಅಂದರು.

“ಬೆಲ್ಟ್ ಬಿಗಿ ಮಾಡೂದೇನು? ನನ್ನ ಕೈಲಿ ಆಗಂಗಿಲ್ಲ, ತೋಳು ನೋಯಾಕತ್ತೈತಿ” ಅಂದೆ.

“ಬಾ ಅಂದ್ರ ಬಾ ಮಾರಾಯ್ತಿ. ಬಂದ ಮ್ಯಾಲ ಹೇಳ್ತೀನಿ” ಅಂದು ಹೋದರು.

ಮಧ್ಯಾಹ್ನ ಮೂರಕ್ಕೆ ಮೈಬೂಬಿ ಬಳೆಯೆಲ್ಲ ಚೆಲ್ಲಿಕೊಂಡು ಓಡಿಬಂದಳು. ಇವರು ಚೀಲದ ಮೇಲೆ ಕೂತವರು ಹಾಗೇ ಒರಗಿದ್ದರಂತೆ. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಕಲ್ಲು ಖಾಲಿ ತಿರುಗುತ್ತಿತ್ತು. ಆಕೆ ಕೈ ಎತ್ತಿಕೊಂಡು, ಬಾಯಲ್ಲಿ ಅರ್ಧ ಮಾತಿಟ್ಟುಕೊಂಡು ಪಕ್ಕದಲ್ಲೇ ನಿಂತಿದ್ದಳು. ಆ ಸಿಟ್ಟಿನಲ್ಲಿ ಅವಳನ್ನು ಹಿಡಿದು ಜಾಡಿಸಿದೆ. “ನಿನ್ನ ಮುಂದ ಕುಂತಿದ್ರಲ್ಲ, ನೀರಾದ್ರೂ ಕೊಡಬಾರದಾಗಿತ್ತೇನ?” ಅಂತ ಕೂಗಿದೆ. ಅವಳಿಗೆ ಎಲ್ಲಿ ಕೇಳಿಸಬೇಕು.

ಇವರ ದಿನಕರ್ಮ ಮುಗಿಸಿ ನಾನೇ ಗಿರಣಿ ನಡೆಸಲು ಕೂತೆ. ಸವತಿ ಅಲ್ಲೇ ಇದ್ದಳು. ವರ್ಷ ತುಂಬುವಷ್ಟರಲ್ಲಿ ಹಿಟ್ಟು ಹಾರಿ ಹಾರಿ ಕೂದಲು, ಹುಬ್ಬು, ಸ್ವೆಟರು ಎಲ್ಲ ಬಿಳಿಯಾಯಿತು. ನಾನು ಒರೆಸಲಿಲ್ಲ. ಹೊರಗೂ ಹಾಕಲಿಲ್ಲ. ಇವರು ಬಿಟ್ಟುಹೋದ ಕೆಲಸ ಅದೊಂದೇ ಕಣ್ಣಿಗೆ ಕಾಣುವಂತೆ ಉಳಿದಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಊರಲ್ಲಿ ನಿಂತಿದ್ದ ಮಾಸ್ತರುಗಳೆಲ್ಲ ಒಮ್ಮೆಲೇ ಬಾಯಿ ಬಿಟ್ಟರು. ವರ್ಷಗಟ್ಟಲೆ ಸುಮ್ಮನಿದ್ದವರು! ಕೋಳಿಗಳು ಕಟ್ಟೆ ಹಾರಿದವು, ತೊಟ್ಟಿಲ ಕೂಸುಗಳು ಕಿರುಚಿದವು. ಎಲ್ಲರದೂ ಒಂದೇ ಮಾತು: ಬರುವ ತಿಂಗಳ ಮೂವತ್ತನೆಯ ತಾರೀಖು ಸಂಜೆ ಆರಕ್ಕೆ ಈ ಪುಕ್ಕಟೆ ಪಾಠಗಳನ್ನು ಮುಚ್ಚಲಾಗುವುದು. ಅಷ್ಟರೊಳಗೆ ಮುಗಿಸದವರ ಪಾಠ ರದ್ದಾಗುವುದು, ಮಾಸ್ತರು ಹೊರಟುಹೋಗುವರು. ಹೇಳಿದವರು ಮತ್ತೆ ಕಲ್ಲಾದರು.

ಮನೆ ಖಾಲಿಯಾಗುತ್ತದೆ ಅಂತ ಕೆಲವರಿಗೆ ಖುಷಿಯಾಯಿತು. ನನಗೆ ಮಾತ್ರ ಖುಷಿಯಾಗಲಿಲ್ಲ. ಮುಗಿಯದೆ ಇವಳು ಹೋದರೆ ಇವರ ಹೆಸರನ್ನು ಯಾರು ಕರೆಯುತ್ತಾರೆ? ಹುಟ್ಟಿದಾಗ ಇಟ್ಟದ್ದು, ಶಾಲೆಯಲ್ಲಿ ನಾಲ್ಕು ವರ್ಷ ಕರೆದದ್ದು, ಅಷ್ಟೇ. ಆಮೇಲೆ ಅವರು ಬರೀ ಗಿರಣಿ. ಹೆಂಡತಿಯಾದ ನಾನೂ ಹಿಡಿಯದ ಹೆಸರು ಅದು. ಬಾಳವ್ವನ ಹೆಸರು ಕರೆದ ದಿನ ಇವರು ಜನರ ಹಿಂದೆ ಬೆರಳ ತುದಿಯ ಮೇಲೆ ನಿಂತು ನೋಡಿ ಬಂದು, “ಎಷ್ಟ್ ಚಂದ ಕರದ್ರು ನೋಡು, ಅಡ್ಡಹೆಸರು ಸೈತ ಬಿಡ್ಲಿಲ್ಲ” ಅಂದಿದ್ದರು. ಅವರ ಹೆಸರನ್ನೂ ಹಾಗೆ ಒಂದು ಸಲ, ಗಟ್ಟಿಯಾಗಿ, ಆ ಗಿರಣಿಯಲ್ಲಿ ಕರೆಸಬೇಕು ಅನ್ನಿಸಿತು.

ಶೇಷಗಿರಿ ಮಾಮಾ ಹತ್ತಿರ ಹೋಗಿ ಕೇಳಿದೆ. ಅವರು ಕಟ್ಟೆಯ ಮೇಲೆ ಕೂತು ಒಳಗಿನ ಹದಿನೇಳು ಜನರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು.

“ಮನಿಯವರು ಯಾರು ಮುಂದುವರಿಸಿದ್ರೂ ನಡೀತದ” ಅಂದರು. “ಆದ್ರ ಹೋದವರ ಹೆಸರು ಕರದ್ರ ಯಾರು ಹಾಜರ್ ಅನ್ನಬೇಕು ಅಂತ ಎಲ್ಲೂ ಬರದಿಲ್ಲ ನೋಡವಾ. ನೀನ ಅನ್ನು. ಒಪ್ಪಿದ್ರ ಒಪ್ಪಿದ್ರು. ಖರೇ ಹೇಳ್ಬೇಕಂದ್ರ, ಎಂಟು ಪಾಠ, ಐದು ವಾರ... ನಾ ಹದಿನೇಳರಾಗ ಒಂದೂ ಕಡೀತನಕ ಮುಟ್ಟಿಸಿಲ್ಲ.”

“ನಿಮಗ ಹೆಂಡ್ರು ಮಕ್ಕಳಿಲ್ಲ, ಅದಕ್ಕ ಹಟ ಇಲ್ಲ” ಅಂದುಬಿಟ್ಟೆ. ಆಮೇಲೆ ಪಾಪ ಅನ್ನಿಸಿ, ಮರುದಿನ ಒಂದು ಡಬ್ಬಿ ಗೋಧಿ ಹಿಟ್ಟು ಕೊಟ್ಟು ಬಂದೆ.

ನಾನು ಓದಿದ್ದು ಏಳನೆಯ ಇಯತ್ತೆಯ ಅರ್ಧದವರೆಗೆ. ಆ ದಿನ ಭೂಗೋಳದ ಪಾಠ. ಎಲ್ಲರೂ ನಕ್ಷೆ ಬರೆಯುತ್ತಿದ್ದೆವು. ನಾನು ಗಡಿಯೆಲ್ಲ ಬರೆದು ಸಮುದ್ರಕ್ಕೆ ನೀಲಿ ಹಚ್ಚಲು ಶುರು ಮಾಡಿದ್ದೆ. ಮನೆಯಿಂದ ಕರೆ ಬಂತು, ನೋಡಲು ಬೀಗರು ಬಂದಿದ್ದರು. ಆ ಕಡೆ ಹೋದವಳು ಶಾಲೆಗೆ ತಿರುಗಿ ಹೋಗಲಿಲ್ಲ. ಇರಲಿ, ಹಳೆಯ ಮಾತು. ಓದಲು ಬರೆಯಲು ಬರುತ್ತಿತ್ತು, ಅಷ್ಟು ಸಾಕಿತ್ತು. ಇವರ ಫೋನನ್ನು ಪೆಟ್ಟಿಗೆಯಿಂದ ತೆಗೆದು, ಒರೆಸಿ, ಮುಂದುವರಿಸು ಅನ್ನುವುದನ್ನು ಒತ್ತಿದೆ. ಆಕೆ ಮೈ ಕೊಡವಿದಳು. ಗಿರಣಿ ತುಂಬ ಹಿಟ್ಟಿನ ಮೋಡ ಎದ್ದಿತು. ಒಂದು ವರ್ಷದಿಂದ ಬಾಯಲ್ಲಿದ್ದ ಮಾತನ್ನು ಮುಗಿಸಿ, ಐದನೆಯ ಪಾಠ ಶುರು ಮಾಡಿದಳು.

ದೇವರೇ, ಆ ಕನ್ನಡವೋ! ಯಾವ ಯಂತ್ರ ಮಾಡಿದ್ದೋ ಏನೋ. ‘ಈಗ ನಿಮ್ಮ ಪಾದಗಳನ್ನು ರಸ್ತೆಗೆ ಪರಿಚಯಿಸಿರಿ’ ಅಂತ ಬಂತು ಒಮ್ಮೆ. ನಾನೂ ಮೈಬೂಬಿಯೂ ಅರ್ಧ ದಿನ ಅದನ್ನೇ ಆಡಿಕೊಂಡು ನಕ್ಕೆವು. ನಡೆದು ನೋಡಿ ಅಂತ ಅದರ ಅರ್ಥ ಅಂದರು ಶೇಷಗಿರಿ ಮಾಮಾ. ಅವರು ದಿನಾ ಮಧ್ಯಾಹ್ನ ಬಂದು ಕೂರತೊಡಗಿದರು, ಕನ್ನಡದ ಕೆಳಗೆ ಬರುವ ಇಂಗ್ಲಿಷಿನ ಅಕ್ಷರ ನೋಡಿ ಬಿಡಿಸಿ ಹೇಳುತ್ತಿದ್ದರು. ಪಾಠದ ಕೊನೆಗೆ ಐದೈದು ಪ್ರಶ್ನೆ. ನಾಲ್ಕು ಸರಿಯಾಗದಿದ್ದರೆ ಮುಂದಿನ ಪಾಠ ಇಲ್ಲ. ಮೂರು ಸಲ ತಪ್ಪಿದರೆ ಮೂರು ದಿನ ಕಾಯಬೇಕು.

ಆರನೆಯ ಪಾಠದಲ್ಲಿ ನಾನು ಸಿಕ್ಕಿಬಿದ್ದೆ. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವ ಪಾಠ. ಮೂರು ಸಲ ತಪ್ಪಿತು. “ಅಲ್ಲ, ಇಳಿಸಿದ್ರ ದೇಶ ಯಾಕ ದೊಡ್ಡದಾಗ್ಬೇಕು? ಹೇಳು ನೋಡೂಣು!” ಅಂತ ಅವಳ ಮುಖಕ್ಕೆ ಮುಖ ಕೊಟ್ಟು ಕೇಳಿದೆ. ಅವಳು ನನ್ನ ಭುಜದ ಆಚೆ ಎಲ್ಲೋ ನೋಡುತ್ತ ನಗುತ್ತಿದ್ದಳು. ಸಿಟ್ಟು ನೆತ್ತಿಗೇರಿ ಮನೆಗೆ ಹೋಗಿ ರೊಟ್ಟಿ ತಟ್ಟಲು ಕೂತೆ. ಹಿಟ್ಟಿನ ಉಂಡೆ ಇಟ್ಟು ತಟ್ಟುತ್ತ ಹೋದ ಹಾಗೆ ನಡುವೆ ನೆಟ್ಟಗಿದೆ, ಅಂಚು ಮಾತ್ರ ಹರಡಿ ಬಿರಿಯುತ್ತಿದೆ. ಕೈ ಅಲ್ಲೇ ನಿಂತಿತು. ಅಯ್ಯೋ ಇಷ್ಟೇನಾ! ಗುಂಡಗಿದ್ದದ್ದನ್ನು ಚಪ್ಪಟೆ ಮಾಡಿದರೆ ಅಂಚಿನವರಿಗೇ ಪೆಟ್ಟು. ಮೂರು ದಿನ ಕಳೆದ ಮೇಲೆ ಐದಕ್ಕೆ ಐದೂ ಸರಿಯಾಯಿತು. ಆ ಖುಷಿಗೆ ಅವಳ ರೆಪ್ಪೆಯ ಮೇಲಿನ ಹಿಟ್ಟನ್ನು ಸೆರಗಿನಲ್ಲಿ ಒರೆಸಿದೆ. ಅದೇ ಮೊದಲು.

ಹತ್ತಿರದಿಂದ ನೋಡಿದಾಗ ಸ್ವೆಟರಿನ ಮೊಣಕೈ ಹರಿದು, ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು ಕಾಣಿಸಿತು. ಏಳನೆಯ ಪಾಠದ ನಡುವೆ ಅವಳಿಗೆ ಕೆಮ್ಮು ಬಂತು. ಯಾರೋ ಕಾಣದ ಕೈಯವರು ಒಂದು ಲೋಟ ನೀರು ಕೊಟ್ಟರು, ಕುಡಿದು, ಅವರ ಕಡೆ ನೋಡಿ ನಕ್ಕಳು. ಇವಳಿಗೂ ಮನೆ, ಮಂದಿ, ಹರಿದ ಬಟ್ಟೆ ಎಲ್ಲ ಇದೆಯಲ್ಲ ಅನ್ನಿಸಿತು. ಆಮೇಲೆ ಮೈಬೂಬಿ ಸವತಿ ಅಂದರೆ ನಾನು ನಗುತ್ತಿರಲಿಲ್ಲ.

ಎಂಟನೆಯ ಪಾಠದ ಹೊತ್ತಿಗೆ ಗಿರಣಿಯ ಕಡೆ ನೆಟ್‌ವರ್ಕು ಪೂರ್ತಿ ಹೋಯಿತು. ಆಕೆ ಬಾಯಿ ತೆರೆದು ನಿಂತುಬಿಟ್ಟಳು. ಕಾಲುವೆಯ ಏರಿಯ ಮೇಲೆ ಮಾತ್ರ ಸಿಗುತ್ತದೆ ಅಂದರು. ಸರಿ, ಸೆರಗು ಸಿಕ್ಕಿಸಿ ಅವಳನ್ನು ಸೊಂಟಕ್ಕೆ ಎತ್ತಿಕೊಂಡೆ. ಮೈಬೂಬಿ ಹಿಂದೆ ಫೋನು ಹಿಡಿದಳು. ಹಿಟ್ಟು ಉದುರಿಸುತ್ತ ಊರ ನಡುವೆ ಹೊರಟೆವು. ಮೊದಲ ದಿನ ಜನ ಬಾಗಿಲಿಗೆ ಬಂದು ನಕ್ಕರು. ನಾಲ್ಕು ದಿನಕ್ಕೆ ದಾರಿಯಲ್ಲಿದ್ದ ಎಮ್ಮೆ, ಸೈಕಲ್ಲುಗಳನ್ನು ಸರಿಸಿ, “ಹಾದಿ ಬಿಡ್ರೋ, ಗಿರಣಿ ಅವ್ವನ ಸಾಲಿ ಹೊಂಟೈತಿ” ಅಂತ ತಾವೇ ಕೂಗತೊಡಗಿದರು. ಹನ್ನೊಂದನೆಯ ಪಾಠದವರೆಗೆ ಹಾಗೇ ನಡೆಯಿತು.

ಹನ್ನೆರಡನೆಯದೇ ಕೊನೆಯದು. ಅದರಲ್ಲಿ ಪ್ರಶ್ನೆಯಿಲ್ಲ, ಒಂದೇ ಕೆಲಸ: ನಿಮ್ಮ ಊರಿನ ನಕ್ಷೆ ಬರೆಯಿರಿ. ಅದನ್ನು ಆಕೆಯೂ ನೋಡುವುದಿಲ್ಲ. ಇದೇ ಪಾಠ ಕಲಿಯುತ್ತಿರುವ, ಭೂಮಿಯ ಮೇಲೆ ಎಲ್ಲೆಲ್ಲೋ ಇರುವ ಮೂವರು ನೋಡಬೇಕು. ಇಬ್ಬರು ಪಾಸು ಅಂದರೆ ಪಾಸು. ಅವತ್ತಿಗೆ ಇಪ್ಪತ್ತನಾಲ್ಕನೆಯ ತಾರೀಖು.

ಬೀಗರ ಮದುವೆಯ ಕಾಗದದ ಹಿಂಬದಿಗಳನ್ನು ಅಂಟಿಸಿ ದೊಡ್ಡ ಹಾಳೆ ಮಾಡಿದೆ. ಎರಡು ದಿನ ಗಿರಣಿಗೆ ಬಾಗಿಲು ಹಾಕಿ ಊರು ತಿರುಗಿದೆ. ಯಾವ ಮೂಲೆಯಲ್ಲಿ ಏನಿದೆ ಅಂತ ಎಲ್ಲರೂ ಹೇಳುವವರೇ. ನಿಂತ ಮಾಸ್ತರು ಎಲ್ಲೆಲ್ಲಿದ್ದಾರೋ ಅಲ್ಲೆಲ್ಲ ಒಂದೊಂದು ಗುರುತು ಹಾಕಿದೆ. ಇನ್ನು ನಾಲ್ಕು ದಿನಕ್ಕೆ ಅವರು ಇರುವುದಿಲ್ಲ, ಆಮೇಲೆ ದಾರಿ ಹೇಗೆ ಹೇಳುವುದು ಅಂತ ಜನಕ್ಕೂ ಚಿಂತೆಯಾಗಿತ್ತು. ದೂರವನ್ನು ನಮ್ಮೂರಲ್ಲಿ ಹೇಗೆ ಹೇಳುತ್ತೇವೋ ಹಾಗೇ ಬರೆದೆ. ಕಾಳಿನ ಡಬ್ಬಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಹೊರಟರೆ ಎಲ್ಲಿ ನೋವು ಬಂದು ಇನ್ನೊಂದು ಬದಿಗೆ ಬದಲಾಯಿಸುತ್ತೇವೋ ಅಲ್ಲಿಗೆ ಒಂದು ಸೊಂಟ. ಗಿರಣಿಯಿಂದ ಕೆರೆಗೆ ಎರಡು ಸೊಂಟ, ಕಾಲುವೆಯ ಏರಿಗೆ ಮೂರು. ಕೊನೆಗೆ ಕಾಲುವೆಗೆ ನೀಲಿ ಹಚ್ಚಿದೆ. ಅಂಚಿನಿಂದ ಅಂಚಿಗೆ ಒಂದಿಷ್ಟೂ ಬಿಡದೆ ಹಚ್ಚಿದೆ. ಏರಿಗೆ ಹೋಗಿ ಫೋಟೋ ತೆಗೆದು ಕಳಿಸಿದೆವು.

ಇಪ್ಪತ್ತೆಂಟಕ್ಕೆ ಒಬ್ಬರದು ಬಂತು: ಪಾಸು. ಏನೂ ಬರೆದಿರಲಿಲ್ಲ. ಇಪ್ಪತ್ತೊಂಬತ್ತಕ್ಕೆ ಇನ್ನೊಬ್ಬರದು: ಫೇಲು. ‘ಸೊಂಟ ಎಂಬುದು ಅಳತೆಯಲ್ಲ. ಪ್ರತಿಯೊಬ್ಬರ ಸೊಂಟ ಬೇರೆ’ ಅಂತ ಬರೆದಿದ್ದರು.

ಎರಡು ಸಲ ಓದಿದೆ. ಇಷ್ಟು ವರ್ಷ ಊರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ನನ್ನ ಸೊಂಟವೇ ಬೇರೆ, ಮೈಬೂಬಿಯದೇ ಬೇರೆ, ಹೌದಲ್ಲ! ಆದರೂ ನಾವು ಯಾರೂ ದಾರಿ ತಪ್ಪಿಲ್ಲ.

“ಅವರ ಊರಾಗ ಡಬ್ಬಿ ಹೊತ್ತವರಿಲ್ಲೇನು? ತಲಿ ಇಲ್ಲದವರು!” ಅಂತ ಮೈಬೂಬಿ ಬೈದಳು. ಬೈದು ಏನು ಪ್ರಯೋಜನ? ಇನ್ನೊಬ್ಬರು ನೋಡಬೇಕು, ನೋಡಿ ಪಾಸು ಅನ್ನಬೇಕು. ಅರ್ಧಕ್ಕೆ ಬಿಟ್ಟು ಹೋಗುವವರೇ ತುಂಬಿರುವ ಈ ಲೋಕದಲ್ಲಿ, ಕೊನೆಯ ದಿನ ಕೂತು ಯಾರದೋ ಊರಿನ ನಕ್ಷೆ ನೋಡುವ ಪುಣ್ಯಾತ್ಮರು ಎಲ್ಲಿರುತ್ತಾರೆ?

ಮೂವತ್ತನೆಯ ತಾರೀಖು ಮಧ್ಯಾಹ್ನದಿಂದಲೇ ಜನ ಗಿರಣಿಗೆ ಬರತೊಡಗಿದರು. ನೋಡಲು ಬಂದೆವು ಅನ್ನಲು ಸಂಕೋಚವಾಗಿ ಎಲ್ಲರೂ ಒಂದೊಂದು ಕಾಳಿನ ಡಬ್ಬಿ ಹಿಡಿದಿದ್ದರು. ನಾನು ಮೋಟಾರು ಹಾಕಲಿಲ್ಲ, ಯಾರೂ ಹಾಕು ಅನ್ನಲೂ ಇಲ್ಲ. ಅಕ್ಕೋರ ಕೂದಲು, ಹುಬ್ಬು, ಸ್ವೆಟರು ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೌದು, ಅಷ್ಟು ಹೊತ್ತಿಗೆ ನನ್ನ ಮನಸ್ಸಿನಲ್ಲಿ ಅವಳು ಅಕ್ಕೋರೇ ಆಗಿದ್ದಳು. ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಾವು ಕರೆಯುವುದು ಹಾಗೇ ತಾನೆ? ಇವರ ಫೋಟೋ ತಂದು ಚೀಲದ ಮೇಲೆ, ಅವರು ಕೂರುತ್ತಿದ್ದ ಜಾಗದಲ್ಲಿ ಇಟ್ಟೆ. ಕೈಮಗ್ಗದವರ ತಂಗೆವ್ವನ ಮಗಳು ಫೋನು ಹಿಡಿದು ಏರಿಯ ಮೇಲೆ ಕೂತಿದ್ದಳು. ಸುದ್ದಿ ಬಂದರೆ ಬಾಯಿಂದ ಬಾಯಿಗೆ ದಾಟಿಸಲು ಒಂದೊಂದು ಸೊಂಟದ ದೂರಕ್ಕೆ ಒಬ್ಬೊಬ್ಬರು ನಿಂತಿದ್ದರು.

ನಾಲ್ಕಾಯಿತು. ಐದಾಯಿತು. ಶೇಷಗಿರಿ ಮಾಮಾ ಗಡಿಯಾರ ನೋಡುವುದನ್ನೇ ಬಿಟ್ಟರು. ಐದೂ ಮುಕ್ಕಾಲಿಗೆ ಕಾಲುವೆಯ ಕಡೆಯಿಂದ ಕೂಗು ಬಂತು, ಹತ್ತಿರ ಹತ್ತಿರವಾಯಿತು, ಬಾಗಿಲಲ್ಲಿದ್ದ ಗುರಪ್ಪ ಒಳಗೆ ತಿರುಗಿ, “ಪಾಸಂತ! ಯವ್ವಾ, ಪಾಸಂತ!” ಅಂದ. ಬರೆದ ಮಾತೂ ಹಾಗೇ ಬಾಯಿಂದ ಬಾಯಿಗೆ ದಾಟಿ ಬಂದಿತ್ತು: ನಮ್ಮಜ್ಜಿಯೂ ನೀರಿನ ಕೊಡ ಹೊತ್ತು ಹೀಗೇ ಅಳೆಯುತ್ತಿದ್ದಳು, ನನಗೆ ನಿಮ್ಮ ಊರಿನ ದಾರಿ ಗೊತ್ತಾಯಿತು. ಯಾವ ದೇಶದ ಯಾವ ತಾಯಿಯೋ, ಅವಳ ಹೊಟ್ಟೆ ತಣ್ಣಗಿರಲಿ.

ನೆಟ್‌ವರ್ಕು ಇಲ್ಲದಿದ್ದರೂ ಅಕ್ಕೋರಿಗೆ ಹೇಗೋ ತಿಳಿಯಿತು. ಎತ್ತಿದ ಕೈ ಇಳಿಸಿದರು. ನಾನು ಇವರ ಫೋಟೋದ ಪಕ್ಕಕ್ಕೆ ಹೋಗಿ ನಿಂತೆ. ಹಾಜರ್ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಪ್ಪದಿದ್ದರೆ ಕಾಲು ಹಿಡಿಯುವುದು ಅಂತಲೂ ತೀರ್ಮಾನ ಮಾಡಿದ್ದೆ.

ಅಕ್ಕೋರು ಗಂಟಲು ಸರಿಮಾಡಿಕೊಂಡು, ತಮ್ಮ ತೊದಲು ನಾಲಿಗೆಯಲ್ಲಿ, ಒಂದೊಂದೇ ಅಕ್ಷರ ಜೋಡಿಸಿ, ಗಟ್ಟಿಯಾಗಿ ಕರೆದರು.

“ನೀಲಗಂಗಾ ಸಂಗಪ್ಪ ಹಾಲಭಾವಿ.”

ಯಾರಿಗೂ ತಿಳಿಯಲಿಲ್ಲ. ಅಂಥವರು ಯಾರೂ ಊರಲ್ಲಿಲ್ಲ ಅನ್ನುವಂತೆ ಒಬ್ಬರ ಮುಖ ಒಬ್ಬರು ನೋಡಿದರು. ನನಗೂ ಒಂದು ಗಳಿಗೆ ಬೇಕಾಯಿತು. ಅದು ನನ್ನ ಹೆಸರು. ಅಪ್ಪನ ಹೆಸರು, ತವರಿನ ಅಡ್ಡಹೆಸರು ಸಮೇತ, ಏಳನೆಯ ಇಯತ್ತೆಯ ಹಾಜರಿ ಪುಸ್ತಕದಲ್ಲಿದ್ದ ಹಾಗೆ. ರೇಷನ್ ಕಾರ್ಡಿಗೆ ಬೇಕೆಂದು ನನ್ನ ಶಾಲೆಯ ದಾಖಲೆ ತರಲು ಹೋದವರು ಇವರೇ. ಸಮುದ್ರಕ್ಕೆ ನೀಲಿ ಹಚ್ಚದೆ ಎದ್ದು ಬಂದೆ ಅಂತ, ಮದುವೆಯಾದ ಹೊಸದರಲ್ಲಿ ಒಮ್ಮೆ ಈ ಗಿರಣಿಯಲ್ಲೇ, ಕಲ್ಲು ತಿರುಗುತ್ತಿರುವಾಗ ಹೇಳಿದ್ದೆ. ಆ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಅಂದುಕೊಂಡಿದ್ದೆ. ಕೇಳಿಸಿತ್ತು. ನಲವತ್ತೈದು ವರ್ಷ ನೆನಪಿಟ್ಟುಕೊಂಡು, ಪಾಠಕ್ಕೆ ನನ್ನ ಹೆಸರು ಬರೆಸಿ, ಕಹಿಯಿದೆಯೋ ಕಲ್ಲಿದೆಯೋ ಅಂತ ಮೊದಲ ನಾಲ್ಕು ತಾವು ನೋಡಿದ್ದರು. ಐದನೆಯದಕ್ಕೆ ಸಂಜೀಕ ಬಾ ಅಂದಿದ್ದರು. ನಾನು ಬೆಲ್ಟ್ ಬಿಗಿ ಮಾಡೂದೇನು ಅಂದಿದ್ದೆ.

ಅಕ್ಕೋರು ಕಾಯುತ್ತಿದ್ದರು. ಆರಕ್ಕೆ ಇನ್ನು ಸ್ವಲ್ಪವೇ ಇತ್ತು. ನಾನು ಸೆರಗು ಸರಿಮಾಡಿಕೊಂಡು, ಕೈಕಟ್ಟಿ, ನೆಟ್ಟಗೆ ನಿಂತೆ.

“ಹಾಜರ್ ರೀ, ಅಕ್ಕೋರ” ಅಂದೆ.

ಅವರು ಕೈಮುಗಿದರು, ನಕ್ಕರು. ಈ ಸಲ ನನ್ನ ಭುಜದ ಆಚೆ ನೋಡಲಿಲ್ಲ, ನನ್ನನ್ನೇ ನೋಡಿದರು ಅಂತ ನನಗೆ ಅನ್ನಿಸಿತು. ಮೈಬೂಬಿ ಇಲ್ಲ ಅನ್ನುತ್ತಾಳೆ, ಅವಳಿಗೇನು ಗೊತ್ತು. ಮರುಗಳಿಗೆಗೆ ಅಲ್ಲಿ ಯಾರೂ ಇರಲಿಲ್ಲ. ಹಿಟ್ಟಿನ ನೆಲದ ಮೇಲೆ ಎರಡು ಪಾದದಷ್ಟು ಜಾಗ ಮಾತ್ರ ಸ್ವಚ್ಛವಾಗಿ ಉಳಿದಿತ್ತು.

ಜನ ಇನ್ನೂ ಹಾಗೇ ನಿಂತಿದ್ದರು. ಅವರು ಕೇಳಲು ಬಂದಿದ್ದ ಹೆಸರು ಇನ್ನೂ ಬಂದಿರಲಿಲ್ಲ. ಚೀಲದ ಮೇಲೆ ಫೋಟೋದೊಳಗೆ ಇವರು ಯಾವಾಗಿನ ಹಾಗೆ ಸುಮ್ಮನೆ ನಗುತ್ತಿದ್ದರು. ಇಷ್ಟು ದೊಡ್ಡ ಕೆಲಸ ಮಾಡಿ ಎಷ್ಟು ಸುಮ್ಮನೆ! ನನಗೆ ಅಳು ಬಂತು, ಸಿಟ್ಟೂ ಬಂತು. ರೂಢಿ ಗೀಢಿ ಎಲ್ಲ ಆಚೆಗಿರಲಿ ಅಂದುಕೊಂಡು, ಅಕ್ಕೋರು ನಿಂತಿದ್ದ ಜಾಗಕ್ಕೆ ಹೋಗಿ ಎರಡು ಕಾಲನ್ನೂ ಅಲ್ಲಿಟ್ಟೆ. ಗಂಟಲು ಸರಿಮಾಡಿಕೊಂಡೆ. ಜೀವಮಾನದಲ್ಲಿ ಮೊದಲ ಸಲ, ಬೀದಿಗೂ ಕೇಳಿಸುವ ಹಾಗೆ ಕರೆದೆ.

“ಅಡಿವೆಪ್ಪ ಮಲ್ಲಪ್ಪ ಕಡೇಮನಿ!”

ಯಾರು ಮೊದಲು ಅಂದರೋ ಗೊತ್ತಿಲ್ಲ. ಮೈಬೂಬಿ ಇರಬೇಕು. ಆಮೇಲೆ ಶೇಷಗಿರಿ ಮಾಮಾ, ಗುರಪ್ಪ, ಬಾಳವ್ವ, ಡಬ್ಬಿ ಹಿಡಿದ ಹೆಂಗಸರು, ಬಾಗಿಲಾಚೆ ಬೀದಿಯಲ್ಲಿದ್ದವರು, ಕಾಲುವೆಯ ಏರಿಯವರೆಗೆ ಒಂದೊಂದು ಸೊಂಟಕ್ಕೆ ಒಬ್ಬರಂತೆ ನಿಂತವರು, ಎಲ್ಲರೂ ಅಂದರು.

“ಹಾಜರ್!”

ಅದು ಏರಿಯ ತುದಿಗೆ ಹೋಗಿ ಮುಟ್ಟುವವರೆಗೆ ಕೇಳಿಸುತ್ತಿತ್ತು. ಆಮೇಲೆ ಕಣ್ಣು ಒರೆಸಿಕೊಂಡು ಮೋಟಾರು ಹಾಕಿದೆ. ಮೈಬೂಬಿಯ ಗೋಧಿ ಮಧ್ಯಾಹ್ನದಿಂದ ಕಾಯುತ್ತಿತ್ತು. ಅದಕ್ಕೆ ಮುಂಚೆ ನಮ್ಮ ಕಾಳನ್ನು ನಾಲ್ಕು ಹಿಡಿ ಹಾಕಿದೆ.